ಜೆರೋಮ್ ಮತ್ತು ತಿಪ್ಪೇಶ ಮಾತು ಬಿಟ್ಟಿದ್ದು

ಮಾತು ಬಿಟ್ಟವರ ಹಾಡು ನಮ್ಮೂರಿನಲ್ಲಿ ಕೇಳಿಸುವುದಿಲ್ಲ. ಇಬ್ಬರು ಕೂತು ಕಟ್ಟಿದ ಹಾಡು, ಆ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿರುವಷ್ಟು ಕಾಲ ಮಾತ್ರ ಊರಿನ ಕಿವಿಗೆ ಬೀಳುತ್ತದೆ. ಮುನಿಸಿಕೊಂಡು ಮುಖ ತಿರುಗಿಸಿದರೋ, ಅಲ್ಲಿಗೆ ಮುಗಿಯಿತು. ಕ್ಯಾಸೆಟ್ಟು ತಿರುಗುತ್ತದೆ, ಸದ್ದಿಲ್ಲ. ಹಾಡೋಣ ಅಂತ ಬಾಯಿ ತೆರೆದರೆ ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಇದು ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವಷ್ಟೇ ಮಾಮೂಲು. ಬೈದುಕೊಂಡು ಬಾಳುತ್ತೇವೆ.

ಒಬ್ಬರೇ ಕಟ್ಟಿದ ಹಾಡಿಗೆ ಈ ಕಾಟವಿಲ್ಲ. ಆದರೆ ಅಂಥ ಹಾಡಿಗೆ ನಮ್ಮೂರಿನವರು ಕುಣಿಯುವುದಿಲ್ಲ; ತಲೆದೂಗಿ, ಚೆನ್ನಾಗಿದೆ ಅಂದು ಎದ್ದು ಹೋಗುತ್ತಾರೆ. ಹಾಗಾಗಿ ಮದುವೆಗೆ ಹಾಡು ಆರಿಸುವಾಗ ಗಂಡಿನ ಗುಣ ವಿಚಾರಿಸಿದ ಹಾಗೆ ಹಾಡಿನ ಜೋಡಿಯ ಗುಣವನ್ನೂ ವಿಚಾರಿಸುತ್ತಾರೆ. “ಅವರಿಬ್ರೂ ಹೇಗಿದಾರೆ? ಮೊನ್ನೆ ಹೋಟ್ಲಲ್ಲಿ ಬೇರೆ ಬೇರೆ ಟೇಬಲ್‌ಗೆ ಕೂತಿದ್ರಂತಲ್ಲ?” ಅಂತ ಕೇಳುವುದರಲ್ಲಿ ಯಾರಿಗೂ ಸಂಕೋಚವಿಲ್ಲ. ಶಾಲೆಯ ಪ್ರಾರ್ಥನೆಗೆ ಮಾತ್ರ ಹೆಡ್ಮಾಸ್ತರರು ಸತ್ತವರ ಹಾಡನ್ನೇ ನೆಚ್ಚಿಕೊಂಡಿದ್ದಾರೆ. ಕೊನೆಯವರೆಗೂ ಮಾತಾಡಿಕೊಂಡಿದ್ದು ತೀರಿಕೊಂಡ ಜೋಡಿಯ ಹಾಡಿಗೆ ಯಾವ ಭಯವೂ ಇಲ್ಲ, ಅದು ಎಂದೆಂದಿಗೂ ಕೇಳಿಸುತ್ತಿರುತ್ತದೆ. ಮಾತು ಬಿಟ್ಟಿರುವಾಗಲೇ ಒಬ್ಬರು ಹೊರಟುಹೋದರೆ ಹಾಡೂ ಅವರ ಹಿಂದೆಯೇ ಹೊರಟಿತು ಅಂತ ಲೆಕ್ಕ.

ಅದಕ್ಕೇ ನಮ್ಮಲ್ಲಿ ಜೋಡಿ ಅಂದರೆ ಮೂರು ಜನ. ಹಾಡು ಕಟ್ಟುವವರು ಇಬ್ಬರು, ನಡುವಿನವರು ಒಬ್ಬರು. ನಡುವಿನವರ ಕೆಲಸ ಇಷ್ಟೇ, ಆ ಇಬ್ಬರೂ ಮಾತು ಬಿಡದ ಹಾಗೆ ನೋಡಿಕೊಳ್ಳುವುದು. ಕಾಫಿಗೆ ಕರೆದು ಎದುರುಬದುರು ಕೂರಿಸುವುದು, ಇವನ ಮುಂದೆ ಅವನನ್ನು ಹೊಗಳುವುದು, ಅವನ ಮುಂದೆ ಇವನನ್ನು ಹೊಗಳುವುದು. ಹೇಳಿ ಕಳಿಸಿದ ಮಾತು ಮಾತ್ರ ಲೆಕ್ಕಕ್ಕಿಲ್ಲ. ಮುಖ ನೋಡಿಕೊಂಡು ತಾವೇ ಆಡಬೇಕು. ಜೋಡಿ ಮುರಿದರೆ ಊರು ಮೊದಲು ಬೈಯುವುದು ನಡುವಿನವರನ್ನು. ಆ ಹಾಳು ಕೆಲಸ ನನ್ನ ಪಾಲಿಗೆ ಬಂದಿತ್ತು.

ನಾನು ಪಂಕಜಾ. ಹಿಟ್ಟಿನ ಗಿರಣಿ ನಡೆಸುತ್ತೇನೆ, ‘ತಗಡು’ ಅನ್ನುವ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತೇನೆ. ನಮ್ಮಪ್ಪ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಅವನ ಕೈ ಸೋತ ಮೇಲೆ ಕೋಲು ನನ್ನ ಕೈಗೆ ಬಂತು. ಗಿಟಾರು ಜೆರೋಮನದು. ಅವನಿಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇದೆ. ಹಾಡುವವನು ತಿಪ್ಪೇಶ, ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವನು. ಅವನ ಅಂಗಡಿಯ ಹಿಂದೆ ಒಂದು ತಗಡಿನ ಶೆಡ್ಡು, ಅಲ್ಲಿಯೇ ನಮ್ಮ ಅಭ್ಯಾಸ, ಅದರಿಂದಲೇ ಬ್ಯಾಂಡಿಗೆ ಆ ಹೆಸರು. ಡ್ರಮ್ ಬಾರಿಸುವವರು ಯಾವಾಗಲೂ ಹಿಂದೆ ಕೂರುತ್ತಾರೆ. ಊರಿನವರಿಗೆ ಅವರಿಬ್ಬರ ಮುಖ ಗೊತ್ತು, ನನಗೆ ಬೆನ್ನು ಗೊತ್ತು. ಜೆರೋಮನ ಎಡಭುಜ ಮೇಲೆದ್ದರೆ ಏನೋ ಹೊಸದು ಹೊಳೆದಿದೆ ಅಂತ. ತಿಪ್ಪೇಶ ಕತ್ತು ಕೆರೆದುಕೊಂಡರೆ ಸಾಲು ಮರೆತಿದ್ದಾನೆ ಅಂತ. ಹದಿನೆಂಟರ ವಯಸ್ಸಿನಿಂದ ತಲೆ ನರೆಯುವವರೆಗೂ ನಾನು ಆ ಎರಡು ಬೆನ್ನುಗಳನ್ನು ನೋಡಿಕೊಂಡೇ ಬಂದಿದ್ದೇನೆ.

ಅವರು ಹಾಡು ಕಟ್ಟುತ್ತಿದ್ದ ರೀತಿಯನ್ನು ನೋಡಿದ ಯಾರಿಗಾದರೂ ಇವರಿಗೆ ತಲೆ ನೆಟ್ಟಗಿಲ್ಲ ಅನ್ನಿಸಬೇಕು. ಜೆರೋಮ್ ಒಂದು ಹಳೆಯ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಬೆರಳಿಗೆ ತೋಚಿದ್ದನ್ನು ನುಡಿಸುತ್ತಿದ್ದ. ತಿಪ್ಪೇಶ ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಾ ಅರ್ಥವಿಲ್ಲದ ಮಾತು ಒದರುತ್ತಿದ್ದ. ಎಲ್ಲೋ ಒಂದು ಕಡೆ ಜೆರೋಮನ ಬೆರಳು ಜಾರುತ್ತಿತ್ತು. ತಕ್ಷಣ ತಿಪ್ಪೇಶ, “ಹಾಂ! ಅದೇ! ಅದನ್ನೇ ಇನ್ನೊಂದ್ಸಲ ತಪ್ಪು ಮಾಡೋ!” ಅಂತ ಕಿರುಚುತ್ತಿದ್ದ. ಸರಿಯಾಗಿ ಬಂದಿದ್ದನ್ನೆಲ್ಲ ಬಿಟ್ಟು ಆ ತಪ್ಪಿಗೇ ಮಾತು ಹಾಕುತ್ತಿದ್ದ. ಮಾತು ಬಿದ್ದ ಮೇಲೆ ಜೆರೋಮ್ ಅದರ ಸುತ್ತ ಬೇಲಿ ಕಟ್ಟಿದ ಹಾಗೆ ಉಳಿದದ್ದನ್ನು ಕಟ್ಟುತ್ತಿದ್ದ. ಒಬ್ಬನ ತಪ್ಪನ್ನು ಇನ್ನೊಬ್ಬ ಅಷ್ಟು ಪ್ರೀತಿಯಿಂದ ಎತ್ತಿಕೊಳ್ಳುವುದನ್ನು ನಾನು ಗಂಡಹೆಂಡಿರಲ್ಲೂ ಕಂಡಿಲ್ಲ, ನನ್ನ ಸಂಸಾರವನ್ನೂ ಸೇರಿಸಿ ಹೇಳುತ್ತಿದ್ದೇನೆ.

‘ಚೈನು ಬಿದ್ದ ಸೈಕಲ್ಲು’ ಹುಟ್ಟಿದ್ದೂ ಹಾಗೆಯೇ. “ಚೈನು ಬಿದ್ದ ಸೈಕಲ್ಲು, ತಳ್ಳಿಕೊಂಡೇ ಬಂದೆ, ನಿನ್ನ ಬೀದಿ ಇಳಿಜಾರು ಅಂತ ಹೇಳಿದವರು ಯಾರೇ?” ಅಷ್ಟೇ ಅದರ ಪಲ್ಲವಿ. ಅದಾದ ಮೇಲೆ ಜೆರೋಮನ ಲೀಡು. ಲೀಡು ಅಂದರೆ ಹಾಡು ನಿಲ್ಲಿಸಿ ಗಿಟಾರು ಒಂದೇ ಮಾತಾಡುವ ಜಾಗ. ಮೊದಲು ಕೀರಲಾಗಿ ಶುರುವಾಗಿ, ಬೈದು, ಅತ್ತು, ಕೊನೆಗೆ ತನಗೆ ತಾನೇ ನಗುವ ಹಾಗೆ ಇಳಿಯುತ್ತಿತ್ತು. ಈ ಹಾಡಿಲ್ಲದೆ ನಮ್ಮೂರಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಶಿವಲಿಂಗು ಅನ್ನುವ ಡ್ರೈವರು ಬೆಳಗಿನ ಬಸ್ಸನ್ನು ಆ ಹಾಡು ಹಾಕಿಯೇ ಹೊರಡಿಸುತ್ತಿದ್ದ. ಮದುವೆಮನೆಯಲ್ಲಿ ಮುದುಕಿಯರು ಮೊಣಕಾಲು ನೋವು ಮರೆತು ಆ ಹಾಡಿಗೆ ಎದ್ದು ನಿಲ್ಲುತ್ತಿದ್ದರು.

ಜಗಳವಾಗಿದ್ದೂ ಒಂದು ಮದುವೆಯಲ್ಲೇ. ಅಕ್ಕಿ ಗಿರಣಿಯವರ ಮಗಳ ಆರತಕ್ಷತೆ. ಜೆರೋಮ್ ಕಣ್ಣುಮುಚ್ಚಿ ಲೀಡು ನುಡಿಸುತ್ತಿದ್ದ, ಅವತ್ತು ಹುರುಪು ಬಂದು ಸ್ವಲ್ಪ ಎಳೆದಿದ್ದ. ಹೆಣ್ಣಿನ ತಂದೆ ಕೆಳಗಿನಿಂದ, ಊಟ ಆರುತ್ತಿದೆ, ಮುಗಿಸಿ ಅಂತ ತಿಪ್ಪೇಶನಿಗೆ ಕೈಸನ್ನೆ ಮಾಡಿದರು. ಮೈಕ್‌ಸೆಟ್ಟೆಲ್ಲ ತಿಪ್ಪೇಶನದೇ ಆದ್ದರಿಂದ ಸೌಂಡಿನ ತಿರುಪುಗಳಿದ್ದ ಪೆಟ್ಟಿಗೆ ಅವನ ಪಕ್ಕದಲ್ಲೇ ಇರುತ್ತಿತ್ತು. ಅವನು ಮೆಲ್ಲಗೆ ಕೈಚಾಚಿ ಜೆರೋಮನ ಗಿಟಾರಿನ ತಿರುಪನ್ನು ಪೂರ್ತಿ ಇಳಿಸಿಬಿಟ್ಟ. ಇಳಿಸಿ, ಊಟಕ್ಕೆ ಏಳಿ ಅಂತ ಮೈಕಿನಲ್ಲಿ ಕರೆದ. ಜನ ಎದ್ದರು. ಜೆರೋಮ್ ಇನ್ನೂ ನುಡಿಸುತ್ತಲೇ ಇದ್ದ. ತನ್ನ ಗಿಟಾರು ತನಗೇ ಕೇಳಿಸುತ್ತಿಲ್ಲ ಅಂತ ಗೊತ್ತಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಕಣ್ಣು ತೆರೆದಾಗ ಎದುರಿಗೆ ಇದ್ದದ್ದು ಖಾಲಿ ಕುರ್ಚಿಗಳು, ಪಕ್ಕದಲ್ಲಿ ತಿರುಪಿನ ಮೇಲೆ ತಿಪ್ಪೇಶನ ಕೈ.

ಅವನು ಕಿರುಚಾಡಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕುತ್ತಾ, “ನನ್ನ ನಿಲ್ಸೋಕೆ ಒಂದು ಮಾತು ಸಾಕಾಗಿತ್ತಲ್ಲೋ” ಅಂದ. ತಿಪ್ಪೇಶನಿಗೆ ತಪ್ಪಾಯಿತು ಅನ್ನುವ ಬುದ್ಧಿ ಅವತ್ತು ಬರಲಿಲ್ಲ. “ಊಟದ ಹೊತ್ನಲ್ಲಿ ಅಷ್ಟುದ್ದ ಟೊಂಯ್ ಟೊಂಯ್ ಯಾರಿಗೆ ಬೇಕೋ?” ಅಂದುಬಿಟ್ಟ. ಜೆರೋಮ್ ಅವನ ಮುಖವನ್ನು ನೋಡಿದ, ಮೆಟ್ಟಿಲಿಳಿದು ಹೋದ. ಅದೇ ಅವರ ಕೊನೆಯ ಮಾತು. ಮಾರನೆಯ ಬೆಳಿಗ್ಗೆ ಶಿವಲಿಂಗು ಬಸ್ಸಿನಲ್ಲಿ ಕ್ಯಾಸೆಟ್ಟು ಹಾಕಿದ, ಏನೂ ಕೇಳಿಸಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ “ಅಯ್ಯೋ” ಅಂದರಂತೆ.

ಚಿಕ್ಕ ಮುನಿಸು, ವಾರದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಎರಡನೆಯ ಮಳೆಗಾಲವೂ ಕಳೆಯಿತು. ಊರು ಅದಕ್ಕೂ ಒಗ್ಗಿಕೊಂಡಿತು. ಶಿವಲಿಂಗು ಕ್ಯಾಸೆಟ್ಟು ಹಾಕುವುದನ್ನು ಬಿಡಲಿಲ್ಲ. ಹಾಡು ಮುಗಿಯುವಷ್ಟು ಹೊತ್ತು ಬಸ್ಸು ಸದ್ದಿಲ್ಲದೆ ಹೋಗುತ್ತಿತ್ತು, ಪ್ರಯಾಣಿಕರು ತಲೆಯಾಡಿಸುತ್ತಾ ಕೂರುತ್ತಿದ್ದರು, ಪಲ್ಲವಿ ಬರುವ ಜಾಗದಲ್ಲಿ ಎಲ್ಲರೂ ಒಂದು ಚಪ್ಪಾಳೆ ತಟ್ಟುತ್ತಿದ್ದರು. ಮದುವೆಗಳಲ್ಲಿ ಜನ ಸದ್ದಿಲ್ಲದ ಹಾಡಿಗೇ ಕುಣಿಯುವುದನ್ನು ಕಲಿತರು. ಬರೀ ಚಪ್ಪಲಿಗಳ ಸರಪರ, ಬಳೆಗಳ ಕಿಣಿಕಿಣಿ. ನೋಡಲು ಚೆನ್ನಾಗಿಯೇ ಇರುತ್ತಿತ್ತು, ಆದರೆ ನನಗೆ ನೋಡಲಾಗುತ್ತಿರಲಿಲ್ಲ. ಹಾಡಿನ ಜೊತೆ ನನ್ನ ಡ್ರಮ್ಮೂ ಹೋಗಿತ್ತಲ್ಲ. ಬೇರೆ ಯಾವ ತಾಳ ಬಾರಿಸಿದರೂ ಕೇಳಿಸುತ್ತಿತ್ತು. ‘ಚೈನು ಬಿದ್ದ ಸೈಕಲ್ಲಿ’ನ ತಾಳಕ್ಕೆ ಕೈಹಾಕಿದರೆ ಮಾತ್ರ ಹತ್ತಿಯ ಮೂಟೆಯ ಮೇಲೆ ಹೊಡೆದ ಹಾಗೆ. ಜೋಡಿಯ ಲೆಕ್ಕದಲ್ಲಿ ನಾನಿಲ್ಲ, ಸರಿ. ಆದರೆ ಹಾಡಿನಲ್ಲಿ ನಾನಿದ್ದೆನಲ್ಲ? ಅವರಿಬ್ಬರ ಹಟಕ್ಕೆ ನನ್ನ ಬದುಕಿನ ಒಳ್ಳೆಯ ಪಾಲೆಲ್ಲ ಮೂಕಾಗಿ ಕೂತಿತ್ತು. ಅದನ್ನು ನೆನೆದು ಗಿರಣಿಯ ಸದ್ದಿನಲ್ಲಿ ಎಷ್ಟೋ ಸಲ ಅತ್ತಿದ್ದೇನೆ, ಹಿಟ್ಟಿನ ಧೂಳು ಕಣ್ಣಿಗೆ ಬಿತ್ತು ಅಂತ ಗಿರಾಕಿಗಳಿಗೆ ಹೇಳಿದ್ದೇನೆ.

ಸುಮ್ಮನೆ ಅಳುತ್ತಾ ಕೂತವಳೂ ಅಲ್ಲ ನಾನು. ಇಬ್ಬರನ್ನೂ ಊಟಕ್ಕೆ ಕರೆದೆ, ಒಬ್ಬನಿಗೆ ಇನ್ನೊಬ್ಬ ಬರುವುದನ್ನು ಹೇಳದೆ. ಬಂದರು, ಕೂತರು, ಉಂಡರು. ತಿಪ್ಪೇಶ ನನ್ನ ಕಡೆ ತಿರುಗಿ, “ಪಂಕಿ, ಉಪ್ಪು ಯಾರ ಹತ್ರ ಇದ್ಯೋ ಅವರಿಗೆ ಸ್ವಲ್ಪ ಈ ಕಡೆ ಕೊಡೋಕೆ ಹೇಳು” ಅಂದ. ಜೆರೋಮ್ ನನ್ನ ಕಡೆ ತಿರುಗಿ, “ಪಂಕಿ, ಉಪ್ಪು ಜಾಸ್ತಿ ತಿಂದ್ರೆ ಬಿ.ಪಿ. ಬರುತ್ತೆ ಅಂತ ಹೇಳು” ಅಂದ. ನಾನು ಉಪ್ಪಿನ ಬಟ್ಟಲನ್ನು ತೆಗೆದು ನನ್ನ ತಲೆಗೇ ಚಚ್ಚಿಕೊಳ್ಳುವುದೊಂದು ಬಾಕಿ. ಇನ್ನೊಂದು ಸಲ ಇಬ್ಬರನ್ನೂ ಶೆಡ್ಡಿನೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದೆ. ಸಂಜೆಗೆ ಬಾಗಿಲು ತೆಗೆದರೆ ಒಬ್ಬ ಪೇಪರ್ ಓದುತ್ತಿದ್ದ, ಇನ್ನೊಬ್ಬ ಗೊರಕೆ ಹೊಡೆಯುತ್ತಿದ್ದ.

ಹೀಗಿರುವಾಗ ಜೆರೋಮನ ದನಿ ಒಡೆಯತೊಡಗಿತು. ಮೊದಮೊದಲು ನೆಗಡಿ ಅಂದುಕೊಂಡ, ಮೆಣಸಿನ ಕಷಾಯ ಕುಡಿದ. ಅವನ ಹೆಂಡತಿ ಫ್ಲಾವಿಯಾ ಬಲವಂತ ಮಾಡಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಗಂಟಲಿನಲ್ಲಿ ಗಡ್ಡೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಮಾತು ಬರುವುದಿಲ್ಲ ಅಂದರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಫ್ಲಾವಿಯಾ ಗಿರಣಿಗೆ ಬಂದು ಮೂಟೆಯ ಮೇಲೆ ಕೂತು ಇದನ್ನು ಹೇಳಿದಳು. ಅವಳ ಕೈ ಹಿಡಿದುಕೊಂಡೆ. ಅವಳ ಎದುರಿಗೇ, ಜೀವ ಉಳಿಯಿತಲ್ಲ ಅನ್ನುವ ಸಮಾಧಾನದ ಬೆನ್ನಿಗೇ, ಹಾಗಾದರೆ ಹಾಡು ಅನ್ನುವ ಯೋಚನೆಯೂ ನನಗೆ ಬಂತು. ಊರಿಗೆಲ್ಲ ಬಂತು.

ಮಾತೇ ಹೋದ ಮೇಲೆ ಮಾತಾಡಿಸುವುದೆಲ್ಲಿಂದ? ಜೆರೋಮನ ದನಿ ಹೋಗುವುದರೊಳಗೆ ಅವರು ಮಾತಾಡದಿದ್ದರೆ ‘ತಗಡು’ ಬ್ಯಾಂಡಿನ ಹಾಡುಗಳೆಲ್ಲ ಹೋದ ಹಾಗೆ. ಊರಿನವರು ಗುಂಪುಗುಂಪಾಗಿ ತಿಪ್ಪೇಶನ ಅಂಗಡಿಗೆ ಹೋಗತೊಡಗಿದರು. ಒಬ್ಬರು ಹಣ್ಣು ತಂದರು, ಒಬ್ಬರು ಕೈಮುಗಿದರು, ಒಬ್ಬರು ಬೈದರು. ಕ್ಷೌರದಂಗಡಿಯ ನೀಲಕಂಠಪ್ಪನಂತೂ ಆಡಬೇಕಾದ ಮಾತನ್ನೂ ತಾನೇ ತಯಾರು ಮಾಡಿಕೊಂಡು ಬಂದಿದ್ದ. “ನೀನು ತಪ್ಪಾಯ್ತು ಅನ್ನೋದೂ ಬೇಡ ತಿಪ್ಪಣ್ಣ. ‘ಹುಷಾರಾಗಿ ಹೋಗ್ಬಾ’ ಅನ್ನು, ಸಾಕು. ಅವನು ‘ಹೂಂ’ ಅಂತಾನೆ. ನಮ್ಮ ಹಾಡು ನಮಗೆ ಸಿಗುತ್ತೆ.” ತಿಪ್ಪೇಶ ವೈರು ಸುತ್ತುತ್ತಾ ಕೂತಿದ್ದ, ತಲೆಯೆತ್ತಲಿಲ್ಲ. ಅವರೆಲ್ಲ ಹೋದ ಮೇಲೆ ನಾನು ಕೇಳಿದೆ, “ಅಷ್ಟೊಂದು ಕಲ್ಲಾಗಿಬಿಟ್ಯೇನೋ?” ಅವನು ವೈರಿನ ಸುರುಳಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದ.

ಜೆರೋಮನ ಮನೆಗೆ ಹೋದೆ. ಅವನು ಗಿಟಾರನ್ನು ಒರೆಸುತ್ತಿದ್ದ. “ನೀನೇ ಒಂದು ಮಾತು ಆಡು. ಸೋತ್ರೆ ಏನಾಗುತ್ತೆ?” ಅಂದೆ. ಒಡೆದ ದನಿಯಲ್ಲಿ ಅವನು ಹೇಳಿದ, “ಸೋಲೋದು ಗೆಲ್ಲೋದು ಅಲ್ಲ ಪಂಕಿ. ಈಗ ಊರೆಲ್ಲ ಅವನನ್ನ ನೂಕ್ತಾ ಇದೆ. ಅವನು ಬಂದ್ರೂ ಹಾಡು ಉಳಿಸ್ಕೊಳ್ಳೋಕೆ ಬಂದ ಅಂತ್ಲೇ ನಂಗೆ ಅನ್ಸುತ್ತೆ. ನಾನು ಹೋದ್ರೂ ಅವನಿಗೆ ಹಂಗೇ ಅನ್ಸುತ್ತೆ. ಹಾಡಿಗೋಸ್ಕರ ಅವನು ನನ್ನ ಮಾತಾಡ್ಸೋದು ಬೇಡ. ನಂಗೆ ಅದನ್ನ ತಡ್ಕೊಳ್ಳೋಕೆ ಆಗಲ್ಲ.” ಅಷ್ಟು ಹೇಳುವುದರಲ್ಲಿ ಅವನಿಗೆ ಸುಸ್ತಾಯಿತು. ನನಗೆ ಸಿಟ್ಟು ಬಂತು. ಇದೆಂಥ ಮಾನ, ಇದೆಂಥ ಸ್ವಾಭಿಮಾನ, ಹಾಡೇ ಹೋದ ಮೇಲೆ ಅದನ್ನೇನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೀಯಾ ಅಂತ ಬೈದು ಎದ್ದು ಬಂದೆ.

ಹೊರಡುವ ದಿನ ಬೆಳಿಗ್ಗೆ ನಾನೂ ಅವರ ಜೊತೆ ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ಅರ್ಧಕ್ಕರ್ಧ ಜನಕ್ಕೆ ಪೇಟೆಯಲ್ಲಿ ಯಾವ ಕೆಲಸವೂ ಇರಲಿಲ್ಲ, ಏನಾಗುತ್ತದೋ ನೋಡಲು ಹತ್ತಿದವರು. ಶಿವಲಿಂಗು ಯಾರನ್ನೂ ಕೇಳದೆ ಬಸ್ಸನ್ನು ಬೇರೆ ದಾರಿಗೆ ತಿರುಗಿಸಿ ತಿಪ್ಪೇಶನ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಇಂಜಿನ್ನೂ ಆರಿಸಿದ. ತಿಪ್ಪೇಶ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಕಿಟಕಿಯ ಪಕ್ಕ ಜೆರೋಮ್. ಇಬ್ಬರ ನಡುವೆ ಕೈಚಾಚಿದರೆ ಮುಟ್ಟುವಷ್ಟು ದೂರ. ಹಿಂದಿನ ಸೀಟಿನಲ್ಲಿ ನೀಲಕಂಠಪ್ಪ ತಾನೇ ತಯಾರು ಮಾಡಿದ ಮಾತನ್ನು ತುಟಿಯಲ್ಲೇ ಹೇಳಿಕೊಡುತ್ತಿದ್ದ. ತಿಪ್ಪೇಶನ ಬಾಯಿ ತೆರೆಯಿತು. ಅವನು ಬಸ್ಸಿನ ಉದ್ದಕ್ಕೂ ಕಿಟಕಿಗಳಲ್ಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದ. ಬಾಯಿ ಮುಚ್ಚಿಕೊಂಡಿತು. ಜೆರೋಮ್ ನನ್ನ ಕಡೆ ತಿರುಗಿ, “ಹೊರಡೋಕೆ ಹೇಳು ಪಂಕಿ, ಡಾಕ್ಟ್ರು ಕಾಯ್ತಾ ಇರ್ತಾರೆ” ಅಂದ. ಬಸ್ಸು ಹೊರಟಿತು. ತಿರುಗಿ ನೋಡಿದೆ. ತಿಪ್ಪೇಶ ಒಳಗೆ ಹೋಗುತ್ತಿದ್ದ. ಆ ಬೆನ್ನು ಅಷ್ಟು ಕುಗ್ಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಆದರೂ ಅವತ್ತು ನನಗೆ ಅವನ ಮೇಲೆ ಕರುಣೆ ಬರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಒಳಗೆ ಕರೆದುಕೊಂಡು ಹೋಗುವ ಮೊದಲು ಜೆರೋಮ್ ಫ್ಲಾವಿಯಾಳನ್ನು ಹತ್ತಿರ ಕರೆದು ಏನೋ ಹೇಳಿದ. ಏನು ಅಂತ ನಾನು ಕೇಳಲಿಲ್ಲ, ಅದು ಅವಳಿಗೆ ಸೇರಿದ್ದು. ಹೊರಗೆ ಬಂದಾಗ ಕತ್ತಿಗೆ ಬಟ್ಟೆ ಸುತ್ತಿತ್ತು, ಕಣ್ಣು ಮಾತ್ರ ಮೊದಲಿನಂತೆಯೇ ಚುರುಕಾಗಿತ್ತು. ಗುಣವಾಗಿ ಮನೆಗೆ ಬಂದ. ಕೈಸನ್ನೆಯಲ್ಲಿ ಮಾತು ಕಲಿತ. ಕಾಫಿಗೆ ಒಂದು ಸನ್ನೆ, ಸಕ್ಕರೆ ಕಮ್ಮಿಯಾಗಿದೆ ಅನ್ನಲು ಇನ್ನೊಂದು, ಸಾಕು ಸುಮ್ಮನಿರೇ ಅನ್ನಲು ಮತ್ತೊಂದು. ಫ್ಲಾವಿಯಾಗೆ ಕೊನೆಯದು ಬೇಗ ಅರ್ಥವಾಗುತ್ತಿರಲಿಲ್ಲ, ಅಥವಾ ಅರ್ಥವಾದರೂ ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು.

ಊರು ಹಾಡುಗಳ ಆಸೆಯನ್ನು ಬಿಟ್ಟಿತು. ಶಿವಲಿಂಗು ಕ್ಯಾಸೆಟ್ಟನ್ನು ತೆಗೆದು ಬಸ್ಸಿನ ದೇವರ ಪಟದ ಹಿಂದೆ ಇಟ್ಟ. ನೀಲಕಂಠಪ್ಪ ಅಂಗಡಿಯ ಗೋಡೆಯಲ್ಲಿದ್ದ ನಮ್ಮ ಮೂವರ ಫೋಟೋವನ್ನು ಇಳಿಸಿದ. ಆ ಜಾಗದಲ್ಲಿ ಸುಣ್ಣ ಮಾಸದೆ ಬೆಳ್ಳಗೆ ಉಳಿದಿತ್ತು. ಕುಣಿಯುವವರೂ ಬೇರೆ ಜೋಡಿಗಳ ಹಾಡಿಗೆ ಕಾಲು ಒಗ್ಗಿಸಿಕೊಂಡರು. ಗಿರಣಿಗೆ ಬರುವ ಹೆಂಗಸರು ನನ್ನನ್ನು ಸಾವಿನ ಮನೆಯವರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಿದ್ದರು. ತಿಪ್ಪೇಶನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಅವನಿಂದ ಮೈಕ್‌ಸೆಟ್ಟು ತೆಗೆದುಕೊಳ್ಳುವುದನ್ನೂ ಬಿಟ್ಟರು. ನಾನೂ ಅವನ ಅಂಗಡಿಯ ಮುಂದೆ ಹಾಯಬೇಕಾದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಜೆರೋಮನಿಗೆ ಅಂತ ರಾಗಿ ಹುರಿಹಿಟ್ಟು ಮಾಡಿಕೊಂಡು ಹೋಗಿದ್ದೆ. ಫ್ಲಾವಿಯಾ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದಳು. ಜೆರೋಮ್ ಕುರ್ಚಿಯಲ್ಲಿ ಕೂತು ಮಡಿಲಲ್ಲಿದ್ದ ಗಿಟಾರಿನ ತಂತಿ ಬದಲಾಯಿಸುತ್ತಿದ್ದ. ಬಾಗಿಲಲ್ಲಿ ನೆರಳಾಯಿತು. ನೋಡಿದರೆ ತಿಪ್ಪೇಶ. ಇಸ್ತ್ರಿ ಮಾಡಿದ ಅಂಗಿ, ಬರಿಗೈ, ಹೊಸದಾಗಿ ಹೆಣ್ಣು ನೋಡಲು ಬಂದವನ ಹಾಗೆ ಚಪ್ಪಲಿಯನ್ನು ಜೋಡಿಸಿಡುತ್ತಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು.

“ಈಗ ಬಂದ್ಯೇನೋ?” ಅಂದೆ. “ಬಾಯಿದ್ದಾಗ ಬರ್ಲಿಲ್ಲ. ಎಲ್ಲಾ ಹೋದ ಮೇಲೆ ಯಾವ ಮುಖ ಇಟ್ಕೊಂಡು ಬಂದೆ?”

ತಿಪ್ಪೇಶ ನನ್ನ ಕಡೆ ನೋಡಲಿಲ್ಲ. ನಾಲ್ಕು ಹೆಜ್ಜೆ ಒಳಗೆ ಬಂದು ಜೆರೋಮನ ಎದುರಿಗೆ ನೆಲದ ಮೇಲೆ ಕೂತ. ಅಷ್ಟು ವರ್ಷ ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಕೂಗಿದವನ ದನಿ ಅವತ್ತು ಪಕ್ಕದಲ್ಲಿದ್ದ ನನಗೂ ಕಿವಿಗೊಟ್ಟರೆ ಮಾತ್ರ ಕೇಳಿಸುತ್ತಿತ್ತು.

“ಎಲ್ಲಾ ಹೋಗ್ಲಿ ಅಂತ್ಲೇ ಕಾದಿದ್ದೆ ಜೆರಿ. ಅವತ್ತು ಬಸ್ಸು ನಿಂತಾಗ ಬಾಯಿವರೆಗೂ ಬಂದಿತ್ತು. ಆದ್ರೆ ಆ ಬಸ್ಸಿಗೆ ಬಸ್ಸೇ ಹಾಡಿಗೆ ಬಾಯಿ ಬಿಟ್ಕೊಂಡು ಕೂತಿತ್ತಲ್ಲೋ. ಆಗ ಮಾತಾಡಿದ್ರೆ ಹಾಡಿಗೋಸ್ಕರ ಬಂದ ಅಂತ ನೀನು ಸಾಯೋವರೆಗೂ ಅಂದ್ಕೋತಿದ್ದೆ. ಸಾಯೋವರೆಗೂ ನಂಗೂ ಗೊತ್ತಾಗ್ತಿರ್ಲಿಲ್ಲ, ನಿಂಗೋಸ್ಕರ ಬಂದ್ನೋ ಹಾಡಿಗೋಸ್ಕರ ಬಂದ್ನೋ ಅಂತ. ಈಗ ಹಾಡು ಹೋಯ್ತು. ಇನ್ನು ನಿನ್ನ ಮಾತಾಡ್ಸಿದ್ರೆ ಯಾರಿಗೂ ಏನೂ ಲಾಭ ಇಲ್ಲ. ಅದಕ್ಕೇ ಈಗ ಬಂದೆ. ಹೆಂಗಿದೀಯೋ?”

ನಾನು ಹುರಿಹಿಟ್ಟಿನ ಡಬ್ಬಿ ಹಿಡಿದುಕೊಂಡು ನಿಂತಲ್ಲೇ ನಿಂತೆ. ನಡುವಿನವಳಾಗಿ ಇಷ್ಟು ವರ್ಷ ಕಳೆದಿದ್ದೆ, ಇವನ ಹೊಟ್ಟೆಯೊಳಗೆ ಇಂಥದ್ದೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಊರಿನ ಶಾಪವನ್ನೆಲ್ಲ ತಲೆಯ ಮೇಲೆ ಹಾಕಿಕೊಂಡು, ತಾನೇ ಕಟ್ಟಿದ ಹಾಡುಗಳನ್ನು ತಾನೇ ಸಾಯಲು ಬಿಟ್ಟು ಕೂತಿದ್ದನಲ್ಲ, ಈ ಒಂದು ‘ಹೆಂಗಿದೀಯೋ’ಗೋಸ್ಕರ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಳು ಬಂತು.

ಜೆರೋಮ್ ಬಹಳ ಹೊತ್ತು ಅವನನ್ನೇ ನೋಡಿದ. ಆಮೇಲೆ ಕೈಚಾಚಿ ಅವನ ಕಿವಿ ಹಿಡಿದು ಚೆನ್ನಾಗಿ ತಿರುಚಿದ. ತಿರುಚುತ್ತಿರುವಾಗಲೇ ಜೆರೋಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತಿಪ್ಪೇಶ “ಆ, ಆ, ನೋವಾಗುತ್ತೋ” ಅಂದನೇ ಹೊರತು ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬಿಟ್ಟ ಮೇಲೆ ಕಿವಿ ಉಜ್ಜಿಕೊಳ್ಳುತ್ತಾ, “ತಿರುಪು ಇಳಿಸಿದ್ದು ತಪ್ಪು. ಅದು ನಂಗೆ ಅವತ್ತೇ ಗೊತ್ತಿತ್ತು” ಅಂದ. ಅವನ ಬಾಯಿ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. “ಆದ್ರೆ ಲೀಡು ಉದ್ದ ಆಗಿತ್ತು ಕಣೋ. ಅದನ್ನ ಈಗ್ಲೂ ಹೇಳ್ತೀನಿ.”

ಆಹಾ, ಕೆಟ್ಟಿತು, ಅಂದುಕೊಂಡೆ ನಾನು. ಜೆರೋಮನ ಮುಖ ಕೆಂಪಾಯಿತು. ಇಲ್ಲ ಅನ್ನುವ ಹಾಗೆ ಕೈಯಾಡಿಸಿದ. ತಿಪ್ಪೇಶ, “ಇಲ್ಲ ಅಂದ್ರೆ? ಮೂರನೇ ಸುತ್ತು ಬೇಕೇ ಇರ್ಲಿಲ್ಲ” ಅಂದ. ಜೆರೋಮ್ ಇನ್ನೊಂದು ಸನ್ನೆ ಮಾಡಿದ, ಅದು ಸಾಲದೆಂದು ಮತ್ತೊಂದು. ಯಾವ ಸನ್ನೆಯಲ್ಲೂ ಅವನ ಸಿಟ್ಟು ಹಿಡಿಸುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಗೋಡೆಯ ಪಕ್ಕದಲ್ಲಿದ್ದ ಪುಟ್ಟ ಸ್ಪೀಕರಿಗೆ ಗಿಟಾರಿನ ವೈರನ್ನು ಚುಚ್ಚಿದ, ಕುರ್ಚಿಯ ತುದಿಗೆ ಸರಿದು, ತಿಪ್ಪೇಶನ ಮುಖಕ್ಕೆ ಮುಖ ಕೊಟ್ಟು ಅದೇ ಲೀಡಿನ ಮೊದಲ ಸುತ್ತು ನುಡಿಸಿದ. ತಿಪ್ಪೇಶ ತಲೆಯಾಡಿಸಿ, “ಹೂಂ, ಇದು ಸರಿ” ಅಂದ. ಎರಡನೆಯದು ನುಡಿಸಿದ. “ಇದೂ ಇರ್ಲಿ.” ಮೂರನೆಯದು. ಅದರ ನಡುವೆ ಹೊಸ ತಂತಿಯ ಮೇಲೆ ಅವನ ಬೆರಳು ಜಾರಿತು. ತಿಪ್ಪೇಶ ನೆಲದಿಂದ ಅರ್ಧ ಎದ್ದು, “ಹಾಂ! ಅದೇನೋ ಅದು? ಅದನ್ನ ಇನ್ನೊಂದ್ಸಲ!” ಅಂದ. ಜೆರೋಮ್ ಅದನ್ನು ಇನ್ನೊಂದು ಸಲ ತಪ್ಪು ನುಡಿಸಿದ. ತಿಪ್ಪೇಶ ಎದ್ದು ಆ ಪುಟ್ಟ ಕೋಣೆಯಲ್ಲೇ ಓಡಾಡತೊಡಗಿದ. ಅವನು ಬೈಯುತ್ತಿದ್ದ, ಇವನು ತಂತಿಯಲ್ಲಿ ತಿರುಗಿ ಬೈಯುತ್ತಿದ್ದ. ನಾನು ಒಬ್ಬನ ಮುಖವನ್ನು ನೋಡುತ್ತಾ, ಮತ್ತೊಬ್ಬನ ಮುಖವನ್ನು ನೋಡುತ್ತಾ ಮೂಗು ಒರೆಸಿಕೊಳ್ಳುತ್ತಿದ್ದೆ. ಮೂವರಲ್ಲಿ ಒಬ್ಬರಿಗೂ ಬೇರೆ ಯಾವುದರ ಕಡೆಗೂ ಗಮನವಿರಲಿಲ್ಲ.

ಅಡುಗೆಮನೆಯಿಂದ ಫ್ಲಾವಿಯಾ ಕೂಗಿದಳು, “ರೀ, ಸೌಂಡು ಸ್ವಲ್ಪ ಕಮ್ಮಿ ಮಾಡ್ರೀ! ಪಕ್ಕದ್ಮನೇಲಿ ಮಗು ಮಲಗಿದೆ!”

ಜೆರೋಮನ ಕೈ ತಂತಿಯ ಮೇಲೆ ನಿಂತಿತು. ತಿಪ್ಪೇಶ ಓಡಾಡುತ್ತಿದ್ದವನು ನಿಂತ. ಒಳಗೆ ಬಾಣಲೆಯಲ್ಲಿ ಮೀನು ಚೊರ್ ಅನ್ನುತ್ತಿತ್ತು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಫ್ಲಾವಿಯಾ ಕಾಣಿಸಿದಳು, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಬಾಯಿಯ ಮೇಲೆ. ನಮ್ಮ ಮೂವರನ್ನೂ ನೋಡಿದಳು, ಗಿಟಾರನ್ನು ನೋಡಿದಳು.

“ಬೇಡ, ನಿಲ್ಲಿಸ್ಬೇಡ್ರಿ” ಅಂದಳು. “ಮಗು ಎದ್ರೆ ಏಳ್ಲಿ.”